ಟೆಸ್ಟ್ ಲ್ಯಾಂಪಿನ ಜಂಬ

ಅಂಬಾಸಿಡರ್ ಕಾರಿಗೆ ನಾನೇ ರೇಡಿಯೋ ಜೋಡಿಸಿದ್ದವನು. ಟೆಸ್ಟ್ ಲ್ಯಾಂಪೊಂದಿದ್ದರೆ ಸಾಕೆಂಬ ಜಂಬ. ವಿಶಾಖಪಟ್ಟಣದಲ್ಲಿ ಹೊಸ ಕಾರಿನ ಸ್ಟೀರಿಯೋಗೂ ಹಾಗೆಯೇ ಕೈಯಿಟ್ಟೆ. ಎರಡು ತಂತಿಗಳ ಸಿಪ್ಪೆ ಕೆರೆದು ನೋಡಿದೆ, ದೀಪ ಹೊತ್ತಲಿಲ್ಲ. ಕೆಲಸಕ್ಕೆ ಬಾರದವೆಂದು ಹಾಗೆಯೇ ಬಿಟ್ಟೆ.

ವಿಜಯವಾಡದ ತಂಗಿಯ ಮನೆಗೆ ಹೊರಟೆವು. ಗನ್ನವರಂ ದಾಟುತ್ತಲೇ ಮೀಟರಿನ ದೀಪಗಳೆಲ್ಲ ಹೊತ್ತಿಕೊಂಡವು, ಸ್ಟಿಯರಿಂಗ್ ಕಲ್ಲಾಯಿತು. ನನ್ನಾಕೆ ಮಾತಾಡಲಿಲ್ಲ, ನನಗೆ ಅದೇ ಹೆಚ್ಚು ಹೆದರಿಕೆ! ತೆವಳುತ್ತ ಆಟೋನಗರ ಸೇರಿದೆವು.

ಮುದುಕ ಮೆಕ್ಯಾನಿಕ್ ಹೆಣೆದ ಜೋಡಿಯನ್ನು ತೋರಿಸಿ, "ಇವು ದೀಪ ಉರಿಸುವ ತಂತಿಗಳಲ್ಲ ಬಾಬೂ, ಮಾತಿನವು" ಎಂದ. ಜರ್ಮನಿಯ ಬಾಷ್ ಸಂಸ್ಥೆ 1986ರಲ್ಲಿ ಪ್ರಕಟಿಸಿದ ಕ್ಯಾನ್ ಪದ್ಧತಿಯಿದು. ಒಂದೊಂದು ಸುದ್ದಿಗೂ ಬೇರೆ ತಂತಿಯೆಳೆಯದೆ, ಎಂಜಿನ್, ಬ್ರೇಕ್, ಮೀಟರುಗಳು ಈ ಎರಡರ ಮೇಲೆಯೇ ಸರದಿಯಂತೆ ಸಂಕೇತ ಕಳಿಸುತ್ತವೆ. ದಾರಿಯ ಕುಲುಕಾಟಕ್ಕೆ ನಾನು ಕೆರೆದ ಜಾಗಗಳು ಒಂದಕ್ಕೊಂದು ತಾಗಿ, ಕಾರಿನೊಳಗಿನ ಮಾತೇ ನಿಂತಿತ್ತು.

ಮುದುಕ ತಂತಿಗಳನ್ನು ಬೇರೆ ಬೇರೆ ಟೇಪು ಸುತ್ತಿ, ಸ್ಟೀರಿಯೋಗೆ ತಕ್ಕ ಅಡಾಪ್ಟರ್ ಹಾಕಿದ. ಟೆಸ್ಟ್ ಲ್ಯಾಂಪನ್ನು ನನ್ನಾಕೆ ತನ್ನ ಕೈಚೀಲಕ್ಕೆ ಹಾಕಿಕೊಂಡಳು.