ಕಂಪನಿ ಮಾಲು, ಬಜಾರ ಮಾಲು

ಅಂಬಾಸಿಡರ್ ಕಾರಿನ ರಾಕರ್ ಕವರು ನಿಂತಿರುವುದು ಎರಡೇ ಎರಡು ನಟ್ಟಿನ ಮೇಲೆ. ಈಗಿನ ಕಾರುಗಳ ಬಾನೆಟ್ ಎತ್ತಿದರೆ ಮೊದಲು ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ. ಅದರ ಕೆಳಗೆ ವೈರು, ವೈರಿನ ಕೆಳಗೆ ಪೈಪು, ಎಂಜಿನ್ನು ಎಲ್ಲೋ ಪಾತಾಳದಲ್ಲಿ. ಅಂಬಾಸಿಡರಿನಲ್ಲಿ ಆ ಎರಡು ನಟ್ಟು ತಿರುವಿ ಕವರು ಎತ್ತಿದರೆ ಸಾಕು, ಎಂಟು ರಾಕರುಗಳು ಎಣ್ಣೆ ಮೆತ್ತಿಕೊಂಡು ಸಾಲಾಗಿ ಕೂತಿರುತ್ತವೆ. ಇಷ್ಟು ಸಲೀಸಾಗಿ ತೆರೆದುಕೊಳ್ಳುವುದನ್ನು ತೆರೆಯದೆ ಬಿಡುವುದು ನನ್ನಿಂದ ಆಗದ ಮಾತು. ರವಿವಾರ ಇಳಕಲ್ಲಿನ ಜನ ಕೂಡಲಸಂಗಮಕ್ಕೋ ಬನಶಂಕರಿಗೋ ಹೊರಟರೆ ನಾನು ಮನೆ ಮುಂದೆ ಗೋಣಿಚೀಲ ಹಾಸಿಕೊಂಡು ಕೂಡುತ್ತೇನೆ. ಮನೆಯಾಕೆ ಇದಕ್ಕೆ ‘ಇವರ ಪೂಜಾ’ ಅನ್ನುತ್ತಾಳೆ. ಅದರಲ್ಲಿ ಭಕ್ತಿಯ ಅಂಶ ಕಡಿಮೆ.

ಈ ಕಾರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1957ರಲ್ಲಿ ಶುರುವಾಗಿ 2014ರಲ್ಲಿ ನಿಂತಿತು. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನು ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ ‘ಬಿ ಸೀರೀಸ್’ ಮನೆತನದ್ದು. ಅದೇ ಅಳತೆಯ ಎಂಜಿನ್ನು ಎಂಜಿಎ ಎಂಬ ತೆರೆದ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಅಲ್ಲಿ ಅದು ಸಾಹೇಬರ ಹುಡುಗರನ್ನು ಸಮುದ್ರದ ದಂಡೆಗೆ ಕರೆದೊಯ್ಯುತ್ತಿತ್ತು. ಇಲ್ಲಿ ಹುನಗುಂದದಿಂದ ಬನದ ಹುಣ್ಣಿಮೆಯ ಜಾತ್ರೆಗೆ ಒಂಬತ್ತು ಜನ, ಎರಡು ರೊಟ್ಟಿ ಬುತ್ತಿ, ಒಂದು ಕೂಸಿನ ತೊಟ್ಟಿಲನ್ನು ಹೊತ್ತು ಸಾಗುತ್ತಿತ್ತು. ಹೆಚ್ಚು ದುಡಿದದ್ದು ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ.

ಈ ಎಂಜಿನ್ನಿನಲ್ಲಿ ಕ್ಯಾಮ್ ಶಾಫ್ಟು ಕೆಳಗೆ ಬ್ಲಾಕಿನೊಳಗೆ ತಿರುಗುತ್ತದೆ. ಅದರ ಉಬ್ಬಿನ ಮೇಲೆ ಟ್ಯಾಪೆಟ್, ಟ್ಯಾಪೆಟ್ಟಿನ ಮೇಲೆ ಪುಶ್ ರಾಡ್, ಅದರ ತುದಿಗೆ ರಾಕರ್. ರಾಕರು ಬಾಗಿ ವಾಲನ್ನು ಒತ್ತುತ್ತದೆ, ಸ್ಪ್ರಿಂಗು ಅದನ್ನು ಮತ್ತೆ ಮೇಲಕ್ಕೆ ಎಳೆದುಕೊಳ್ಳುತ್ತದೆ. (ಪುಸ್ತಕದವರು ವಾಲ್ವ್ ಅನ್ನಲಿ, ನಮ್ಮ ಗ್ಯಾರೇಜಿನಲ್ಲಿ ಅದು ವಾಲ್.) ಎಂಜಿನ್ನು ನಿಮಿಷಕ್ಕೆ 3000 ಸುತ್ತು ಹೊಡೆಯುವಾಗ ಕ್ಯಾಮು ಅದರ ಅರ್ಧ ಸುತ್ತುತ್ತದೆ, ಅಂದರೆ ಒಂದೊಂದು ವಾಲು ಸೆಕೆಂಡಿಗೆ 25 ಸಲ ತೆರೆದು ಮುಚ್ಚಬೇಕು. ಈ ಕೆಲಸ ಮಾಡುವ ಸಾಮಾನುಗಳೆಲ್ಲ ಒಂದೇ ಕಾರ್ಖಾನೆಯಿಂದ, ಒಂದೇ ಪೆಟ್ಟಿಗೆಯಲ್ಲಿ ಬಂದಿದ್ದರೆ ಚಿಂತೆ ಇರಲಿಲ್ಲ. ನನ್ನ ಕಾರಿನಲ್ಲಿ ಬ್ಲಾಕು, ಪುಶ್ ರಾಡುಗಳು, ರಾಕರ್ ಶಾಫ್ಟು ಕಂಪನಿಯವು. ವಾಲು, ಗೈಡು, ಸ್ಪ್ರಿಂಗು ಹುಬ್ಬಳ್ಳಿಯ ಬಜಾರದವು. ಎರಡು ರಾಕರು ಗುಜರಿಯವು, ಯಾವ ಟ್ಯಾಕ್ಸಿಯ ಋಣವೋ ಗೊತ್ತಿಲ್ಲ.

ಈ ಬೆರಕೆಯನ್ನು ಕಂಡರೆ ಮೂಗು ಮುರಿಯುವವರಿದ್ದಾರೆ. ಒರಿಜಿನಲ್ ಬಿಟ್ಟು ಬೇರೆ ಮುಟ್ಟಬಾರದು ಅನ್ನುವ ಮಡಿವಂತರಿಗೆ ನಾನು ಕೇಳುವುದು ಇಷ್ಟೇ: ಕಾರು ಕಟ್ಟುವ ಕಂಪನಿ ತನ್ನ ವಾಲುಗಳನ್ನು ತಾನೇ ಮಾಡುತ್ತದೆಯೇ? ಚೆನ್ನೈನ ರಾಣೆಯಂಥ ಕಂಪನಿಗಳು ವಾಹನ ತಯಾರಕರಿಗೂ ವಾಲು ಕೊಡುತ್ತವೆ, ತಮ್ಮ ಹೆಸರಿನ ಡಬ್ಬಿಯಲ್ಲಿ ಬಜಾರಕ್ಕೂ ಬಿಡುತ್ತವೆ. ಹಾಗಂತ ಬಜಾರದಲ್ಲಿ ಸಿಗುವುದೆಲ್ಲ ಚಿನ್ನವೂ ಅಲ್ಲ. ಅದೇ ಬಣ್ಣದ ಡಬ್ಬಿ, ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ, ಒಳಗಿನ ವಾಲಿನ ತಲೆಗೂ ಕಡ್ಡಿಗೂ ನೇರ ಮಾತುಕತೆ ಇಲ್ಲ. ಅಂಥದ್ದೂ ಸಿಗುತ್ತದೆ, ಅರ್ಧ ರೇಟಿಗೆ.

ಹುನಗುಂದದ ಮಿಸ್ತ್ರಿ ಕಾಕಾ ಇದನ್ನು ನನಗಿಂತ ಚಲೋ ಹೇಳುತ್ತಾರೆ. ನಾನು ಒಮ್ಮೆ ವಾಲಿನ ಲಾಕುಗಳನ್ನು ಅಂಗೈಯಲ್ಲಿ ಹಿಡಿದು, “ಕಾಕಾ, ಇವು ಕಂಪನಿವು ಹೌದೋ ಅಲ್ಲೋ ನೋಡ್ರಿ” ಅಂದೆ.

ಅವರು ಲಾಕಿನ ಕಡೆ ನೋಡಲೂ ಇಲ್ಲ. “ಮಾಸ್ತರ್ರ, ಅವು ಯಾವ ಊರಾಗ ಹುಟ್ಯಾವ ಅಂತ ಕೇಳಬ್ಯಾಡ್ರಿ. ಯಾವ ತಟ್ಟಿ ಜೋಡಿ ಬಂದಾವ ಅದನ್ನ ಕೇಳ್ರಿ.”

ಸ್ಪ್ರಿಂಗಿನ ತಲೆಯ ಮೇಲೆ ಒಂದು ತಟ್ಟೆ ಕೂಡುತ್ತದೆ, ಅದೇ ರಿಟೇನರು. ಅದನ್ನು ವಾಲಿನ ಕಡ್ಡಿಗೆ ಹಿಡಿದಿಡುವುದು ಲಾಕು. ತಟ್ಟೆಯ ನಡುವಿನ ತೂತು ಇಳಿಜಾರಾಗಿರುತ್ತದೆ. ಲಾಕಿನ ಹೊರಮೈಗೂ ಅಷ್ಟೇ ಇಳಿಜಾರು ಬೇಕು. ತಟ್ಟೆ ಹಳೇದು, ಲಾಕು ಬೇರೆ ಮಾಲು, ಇಳಿಜಾರು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆದರೂ ಲಾಕು ಒಂದು ಅಂಚಿನ ಮೇಲೆ ಮಾತ್ರ ನಿಲ್ಲುತ್ತದೆ. ಒಂದು ದಿನ ಜಾರುತ್ತದೆ. ಜಾರಿದರೆ ವಾಲು ಸಿಲಿಂಡರಿನೊಳಗೆ ಬಿದ್ದು ಪಿಸ್ಟನ್ನು, ಹೆಡ್ಡು ಎರಡನ್ನೂ ತಿನ್ನುತ್ತದೆ. ಆದ್ದರಿಂದ ಲಾಕು ಮತ್ತು ತಟ್ಟೆಯನ್ನು ನಾನು ಅಗಲಿಸುವುದಿಲ್ಲ. ಹಳೇದಾದರೆ ಎರಡೂ ಹಳೇವು, ಹೊಸದಾದರೆ ಎರಡೂ ಹೊಸವು.

ಹೀಗೆ ಅಗಲಿಸಬಾರದ ಜೋಡಿಗಳು ಇನ್ನೂ ಇವೆ. ಟ್ಯಾಪೆಟ್ಟು ತಾನು ಸವೆದ ಉಬ್ಬಿಗೇ ಮರಳಬೇಕು. ಮೂರನೆಯದನ್ನು ಐದನೆಯದಕ್ಕೆ ಕೂಡಿಸಿದರೆ ಎರಡೂ ಹಾಳು. ಹೊಸ ಕ್ಯಾಮಿಗೆ ಹಳೇ ಟ್ಯಾಪೆಟ್ಟು ಹಾಕುವುದಂತೂ ದುಡ್ಡು ಕೊಟ್ಟು ಜಗಳ ತಂದ ಹಾಗೆ. ಹಳೇ ಕ್ಯಾಮನ್ನೇ ಲೇಥಿನವರಲ್ಲಿ ಮತ್ತೆ ಸಾಣೆ ಹಿಡಿಸಿದರೆ ಬೇರೆ ಸಂಕಟ: ಉಬ್ಬಿನ ಆಕಾರ ಸರಿಹೋಗುತ್ತದೆ, ಆದರೆ ಕೆಳಗಿನ ಸುತ್ತಳತೆ ಸಣ್ಣದಾಗುತ್ತದೆ. ಪುಶ್ ರಾಡು ಅಷ್ಟು ಕೆಳಗೆ ಕೂತು, ಮೇಲೆ ಅಡ್ಜಸ್ಟಿಂಗ್ ಸ್ಕ್ರೂ ಅಷ್ಟು ಇಳಿಯಬೇಕಾಗುತ್ತದೆ. ಎಲ್ಲೋ ಕೆಳಗೆ ಮಾಡಿದ ಕೆಲಸದ ಲೆಕ್ಕವನ್ನು ಮೇಲೆ ಚುಕ್ತಾ ಮಾಡಬೇಕು. ಈ ಎಂಜಿನ್ನಿನ ಮೇಲೆ ನನಗಿರುವ ಪ್ರೀತಿಗೆ ಇದೂ ಒಂದು ಕಾರಣ. ಇಲ್ಲಿ ಯಾವ ಬದಲಾವಣೆಯೂ ಒಂಟಿಯಾಗಿ ಉಳಿಯುವುದಿಲ್ಲ.

ವಾಲಿನ ಕಡ್ಡಿ ಓಡಾಡುವ ಗೈಡಿನದೂ ಇದೇ ಕಥೆ. ಬಜಾರದ ಹೊಸ ಗೈಡನ್ನು ಹೆಡ್ಡಿಗೆ ಒತ್ತಿ ಕೂಡಿಸಿದಾಗ ಅದರ ನಡುಗೆರೆ ಹಳೇ ಗೈಡಿನ ನಡುಗೆರೆಯ ಮೇಲೇ ಬರುತ್ತದೆ ಎಂಬ ಭರವಸೆ ಇಲ್ಲ. ವಾಲಿನ ತಲೆ ಕೂಡುವ ಸೀಟನ್ನು ಕತ್ತರಿಸುವ ಕಟ್ಟರು ನಿಲ್ಲುವುದು ಗೈಡಿನ ಆಧಾರದಲ್ಲಿ. ಹಾಗಾಗಿ ಗೈಡು ಬದಲಾದರೆ ಸೀಟನ್ನೂ ಮತ್ತೆ ಕತ್ತರಿಸಲೇಬೇಕು. ಬಾಗಲಕೋಟೆಯಲ್ಲಿ ಹಳೇ ಊರಿನ ಎಷ್ಟೋ ಅಂಗಡಿಗಳು ಆಲಮಟ್ಟಿ ಹಿನ್ನೀರಿಗೆ ಜಾಗ ಬಿಟ್ಟು ನವನಗರಕ್ಕೆ ಹತ್ತಿದವಲ್ಲ, ಅಲ್ಲೊಂದು ಬೋರಿಂಗ್ ಅಂಗಡಿಯಲ್ಲಿ ಈ ಕೆಲಸ ಮಾಡಿಸುತ್ತೇನೆ. ಹೆಡ್ಡನ್ನು ಬಸ್ಸಿನಲ್ಲಿ ಒಯ್ಯುವಾಗ ಕಂಡಕ್ಟರು ಅದಕ್ಕೆ ಲಗೇಜ್ ಟಿಕೀಟು ಹರಿಯಬೇಕೋ ಬೇಡವೋ ಎಂದು ಪ್ರತಿ ಸಲವೂ ಯೋಚಿಸುತ್ತಾರೆ.

ಸೀಟು ಕತ್ತರಿಸಿ ಬಂದ ಮೇಲೆ ವಾಲು ಉಜ್ಜುವ ಕೆಲಸ ನನ್ನದೇ, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಸೀಟಿಗೆ ತೆಳ್ಳಗೆ ಗ್ರೈಂಡಿಂಗ್ ಪೇಸ್ಟು, ವಾಲಿನ ತಲೆಗೆ ರಬ್ಬರು ಬಟ್ಟಲಿನ ಕೋಲು, ಎರಡು ಅಂಗೈ ನಡುವೆ ಆ ಕೋಲು. ಮೊದಲು ಕರಕರ ಸದ್ದು. ಆಗಾಗ ವಾಲನ್ನು ಎತ್ತಿ, ಕಾಲು ಸುತ್ತು ತಿರುಗಿಸಿ ಮತ್ತೆ ಕೂಡಿಸಬೇಕು. ಸದ್ದು ನುಣ್ಣಗಾಗುತ್ತ ಬಂದು ಸ್ವರ ಬದಲಿಸುತ್ತದೆ. ಕೈಗೆ ಅದು ಕಿವಿಗಿಂತ ಮೊದಲೇ ಗೊತ್ತಾಗುತ್ತದೆ. ಒರೆಸಿ ನೋಡಿದರೆ ಸುತ್ತಲೂ ಬೂದು ಬಣ್ಣದ ಒಂದೇ ಅಗಲದ ಉಂಗುರ. ಎಲ್ಲಿಯೂ ಕಡಿದಿರಬಾರದು. ಆಮೇಲೆ ಹೆಡ್ಡನ್ನು ಬೋರಲು ಹಾಕಿ, ಪ್ಲಗ್ಗು ಬಿಗಿದು, ಸ್ಪ್ರಿಂಗು ಕೂಡಿಸಿದ ವಾಲಿನ ಗುಂಡಿಯಲ್ಲಿ ಸೀಮೆಎಣ್ಣೆ ಹೊಯ್ದು ಬಿಟ್ಟರೆ ಆಯಿತು. ಚಹಾ ಕುಡಿದು ಬಂದು ಪೋರ್ಟಿನೊಳಗೆ ಬೆರಳು ಹಾಕಿದಾಗ ಒಣಗಿದ್ದರೆ ಅದಕ್ಕಿಂತ ದೊಡ್ಡ ಸುಖ ರವಿವಾರಕ್ಕೆ ಬೇಡ. ಆ ಕ್ಷಣದಿಂದ ಬಜಾರದ ವಾಲು ಕಂಪನಿಯ ಹೆಡ್ಡಿನ ಸ್ವಂತ ಮಗ.

ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಇನ್ನೂ ಅಲ್ಲಲ್ಲಿ ಇದೆ. ಇಳಕಲ್ ಸೀರೆಯ ಮೈಯ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಮೈ ಹತ್ತಿಯದಿದ್ದರೂ ಸೆರಗು ಕೆಂಪು ರೇಷ್ಮೆಯದಿರುತ್ತದೆ. ನೇಕಾರರು ಎರಡೂ ಹಾಸಿನ ಎಳೆಗಳನ್ನು ಕುಣಿಕೆಗೆ ಕುಣಿಕೆ ಕೋದು ಕೂಡಿಸುತ್ತಾರೆ. ಒಂದೊಂದು ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. ಆ ಕೂಡುಗೆ ಬಿಗಿಯಾಗಿದ್ದರೆ ಹತ್ತಿಯೂ ರೇಷ್ಮೆಯೂ ಒಂದೇ ಸೀರೆ. ಬೆರಕೆ ಎಂಜಿನ್ನನ್ನು ಹಳಿಯುವವರನ್ನು ಒಮ್ಮೆ ಆ ಮಗ್ಗದ ಮುಂದೆ ಕೂಡಿಸಬೇಕೆಂದು ನನಗೆ ಆಸೆ.

ನಮ್ಮೂರಿನ ಇನ್ನೊಂದು ಮಾಲು ಕೆಂಪು ಗ್ರಾನೈಟ್. ಪಾಲಿಶ್ ಆಗಿ ತುದಿ ಮುರಿದ ಒಂದು ತುಂಡನ್ನು ನಾನು ತಂದಿಟ್ಟುಕೊಂಡಿದ್ದೇನೆ. ಅಳತೆ ಪ್ರಯೋಗಾಲಯಗಳಲ್ಲಿ ಗ್ರಾನೈಟಿನ ಸಮತಟ್ಟು ಹಾಸುಗಲ್ಲು ಬಳಸುತ್ತಾರೆ. ನನ್ನದು ಅಷ್ಟು ಮೇಲ್ಜಾತಿಯದಲ್ಲ, ಆದರೆ ಪುಶ್ ರಾಡಿಗೆ ಸಾಕು. ಅದರ ಮೇಲೆ ಉರುಳಿಸಿದರೆ ನೆಟ್ಟಗಿರುವ ರಾಡು ತೆಪ್ಪಗೆ ಹೋಗುತ್ತದೆ, ಬಾಗಿದ್ದು ಕುಂಟುತ್ತದೆ. ಸ್ಪ್ರಿಂಗುಗಳನ್ನೂ ಅದರ ಮೇಲೆ ಸಾಲಾಗಿ ನಿಲ್ಲಿಸಿ ನೋಡುತ್ತೇನೆ. ಸೋತ ಸ್ಪ್ರಿಂಗು ಕುಳ್ಳಾಗಿರುತ್ತದೆ.

ಸ್ಪ್ರಿಂಗಿನ ವಿಷಯಕ್ಕೆ ಬಂದರೆ, ‘ಗಟ್ಟಿ ಇದ್ದಷ್ಟೂ ಚಲೋ’ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಎಂಜಿಬಿ ಕಾರಿನ ಜೋಡಿ ಸ್ಪ್ರಿಂಗು ತರಿಸಿ ಅಂಬಾಸಿಡರಿಗೆ ಹಾಕಿದರೆ ಪಿಕಪ್ ಬರುತ್ತದೆಂದು ಹೇಳುವ ಹುಡುಗರಿದ್ದಾರೆ. ಸ್ಪ್ರಿಂಗು ಶಕ್ತಿ ಕೊಡುವುದಿಲ್ಲ. ಹೆಚ್ಚು ಸುತ್ತಿನಲ್ಲಿ ವಾಲು ಕ್ಯಾಮಿನ ಮಾತು ಮೀರದಂತೆ ಹಿಡಿಯುತ್ತದೆ, ಅಷ್ಟೇ. ಜಾತ್ರೆಗೆ ಹೋಗುವ ಕಾರಿಗೆ ಅಷ್ಟು ಸುತ್ತು ಎಲ್ಲಿಂದ ಬರಬೇಕು? ಬಿಗಿ ಸ್ಪ್ರಿಂಗಿನ ಭಾರವೆಲ್ಲ ಕ್ಯಾಮಿನ ಮೂಗಿನ ಮೇಲೆ, ಟ್ಯಾಪೆಟ್ಟಿನ ಮುಖದ ಮೇಲೆ ಬೀಳುತ್ತದೆ. ಎತ್ತರದ ಉಬ್ಬಿನ ಕ್ಯಾಮು ಹಾಕುವವರಂತೂ ವಾಲು ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ ಬಿಗಿದುಕೊಳ್ಳುತ್ತವೆಯೋ ಎಂದು ಕೈಯಿಂದ ತಿರುಗಿಸಿ ನೋಡಲೇಬೇಕು. ಬಿಗಿದುಕೊಂಡರೆ ಮೊದಲು ಬಾಗುವುದು ಪುಶ್ ರಾಡು.

ಈಗ ಒಂಬತ್ತರ ಲೆಕ್ಕ. ಟ್ಯಾಪೆಟ್ ಸೆಟ್ ಮಾಡಲು ಇದಕ್ಕಿಂತ ಚೆಂದದ ಸೂತ್ರ ನಾನು ಕಂಡಿಲ್ಲ. ಎಂಟನೆಯ ವಾಲು ಪೂರ್ತಿ ತೆರೆದಿದ್ದಾಗ ಒಂದನೆಯದನ್ನು ಸೆಟ್ ಮಾಡಬೇಕು. ಆರು ತೆರೆದಿದ್ದರೆ ಮೂರು, ನಾಲ್ಕು ತೆರೆದಿದ್ದರೆ ಐದು, ಏಳು ತೆರೆದಿದ್ದರೆ ಎರಡು. ಕೂಡಿಸಿದರೆ ಯಾವಾಗಲೂ ಒಂಬತ್ತು. ಪುಸ್ತಕ ಬೇಡ, ಗುರುತು ಬೇಡ. ಎಂಜಿನ್ನು ತಣ್ಣಗಿದ್ದಾಗ ವಾಲಿನ ತುದಿಗೂ ರಾಕರಿಗೂ ನಡುವೆ 15 ಥೌ, ಅಂದರೆ 0.38 ಮಿಲಿಮೀಟರ್ ಸಂದು. ಫೀಲರ್ ಗೇಜಿನ ಪಟ್ಟಿ ಹಿಡಿದೂ ಹಿಡಿಯದ ಹಾಗೆ ಜಾರಬೇಕು.

ಬೆರಕೆ ಎಂಜಿನ್ನು ಸುಳ್ಳು ಹೇಳುವುದು ಇಲ್ಲೇ. ವರ್ಷಗಟ್ಟಲೆ ಬಡಿದ ಹಳೇ ರಾಕರಿನ ಮೂತಿಯಲ್ಲಿ ವಾಲಿನ ತುದಿಯಷ್ಟೇ ಅಗಲದ ಒಂದು ಗುಳಿ ಬಿದ್ದಿರುತ್ತದೆ. ಗೇಜಿನ ಪಟ್ಟಿ ಆ ಗುಳಿಗೆ ಇಳಿಯದೆ ಅದರ ದಡಗಳ ಮೇಲೆ ಸೇತುವೆ ಹಾಕಿ ನಿಲ್ಲುತ್ತದೆ. ಪಟ್ಟಿ 15 ಅನ್ನುತ್ತದೆ, ನಿಜವಾದ ಸಂದು ಇನ್ನೂ ಹೆಚ್ಚು. ಸೆಟ್ ಮಾಡಿ ಮಾಡಿ ಬೇಸತ್ತರೂ ಟಕಟಕ ನಿಲ್ಲುವುದಿಲ್ಲ, ಬೈಗಳು ಮಾತ್ರ ಬಜಾರದ ಹೊಸ ವಾಲಿಗೆ. ರಾಕರಿನ ಮೂತಿಯನ್ನು ಅದರ ಬಾಗು ಕೆಡದಂತೆ, ಮೇಲಿನ ಗಡಸು ಪದರ ಹೋಗದಂತೆ ಎಣ್ಣೆಕಲ್ಲಿನ ಮೇಲೆ ತೀಡಿದರೆ ಸದ್ದು ಇಳಿಯುತ್ತದೆ. ಗುಳಿ ಆಳವಿದ್ದರೆ ಆ ರಾಕರಿಗೆ ನಿವೃತ್ತಿ ಕೊಡಬೇಕು.

ಹೇಳಬೇಕೆಂದರೆ ಟಕಟಕ ಅನ್ನುವ ಟ್ಯಾಪೆಟ್ಟಿಗೆ ನಾನು ಹೆದರುವುದಿಲ್ಲ. ಸದ್ದಿಲ್ಲದ್ದೇ ಭಯ. ನಮ್ಮ ದೇಶದಲ್ಲಿ 2000ದ ಫೆಬ್ರವರಿಯಲ್ಲಿ ಸೀಸದ ಪೆಟ್ರೋಲು ನಿಂತಿತು. ಗಾಳಿಗೆ, ಮಕ್ಕಳಿಗೆ ಒಳ್ಳೆಯದೇ ಆಯಿತು. ಆದರೆ ಬೀಡಿನ ಹೆಡ್ಡಿನಲ್ಲೇ ಕತ್ತರಿಸಿದ ಹಳೇ ವಾಲ್ ಸೀಟುಗಳಿಗೆ ಆ ಸೀಸದ ತೆಳು ಲೇಪವೇ ಕಾವಲಾಗಿತ್ತು. ಅದು ಹೋದ ಮೇಲೆ, ಗ್ಯಾಸು ಕೂಡಿಸಿದ ಟ್ಯಾಕ್ಸಿಗಳಲ್ಲಂತೂ ಇನ್ನೂ ಬೇಗ, ಎಕ್ಸಾಸ್ಟ್ ವಾಲು ಸೀಟನ್ನು ತಿನ್ನುತ್ತ ಒಳಗೆ ಇಳಿಯುತ್ತದೆ. ವಾಲು ಹೆಡ್ಡಿನೊಳಗೆ ಇಳಿದಷ್ಟು ಅದರ ತುದಿ ಮೇಲೆ ಏರುತ್ತದೆ, ಸಂದು ಕಿರಿದಾಗುತ್ತದೆ, ಸದ್ದು ನಿಲ್ಲುತ್ತದೆ. ಮಾಲಕ ಖುಷಿಯಾಗುತ್ತಾನೆ. ಒಂದು ದಿನ ಸಂದು ಪೂರ್ತಿ ಮುಗಿದು, ವಾಲು ಮುಚ್ಚದೆ, ಬೆಂಕಿ ಅದರ ಅಂಚನ್ನು ಕಚ್ಚಿ ಸುಡುತ್ತದೆ. ಗಡಸು ಸೀಟಿನ ಉಂಗುರ ಕೂಡಿಸುವುದೇ ಇದಕ್ಕೆ ಮದ್ದು. ಅದು ಕಂಪನಿಯ ಪೆಟ್ಟಿಗೆಯಲ್ಲಿ ಇರಲಿಲ್ಲ, ಹೊರಗಿನ ಮಾಲೇ. ಕಂಪನಿ ಮಾಲಿಗಿಂತ ಬಜಾರ ಮಾಲು ಮೇಲು ಎಂದು ನಾನು ಎದೆ ತಟ್ಟಿ ಹೇಳುವ ಒಂದು ಜಾಗ ಇದು.

ಎಲ್ಲ ಕೂಡಿಸಿದ ಮೇಲೆ ನನ್ನ ಪರೀಕ್ಷೆಯ ದಾರಿ ಒಂದೇ: ಹುನಗುಂದ, ಅಮೀನಗಡ, ಐಹೊಳೆ, ಪಟ್ಟದಕಲ್ಲು, ಬಾದಾಮಿ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳುವ ನೆಪದಲ್ಲಿ ಎಂಜಿನ್ನು ಚಾಲೂ ಬಿಟ್ಟು ಕಿವಿಗೊಡುತ್ತೇನೆ. ಸ್ಕ್ರೂಡ್ರೈವರಿನ ತುದಿ ರಾಕರ್ ಕವರಿನ ಮೇಲೆ, ಹಿಡಿಕೆ ಕಿವಿಗೆ. ಎಂಟೂ ಒಂದೇ ಲಯದಲ್ಲಿದ್ದರೆ ಬಾದಾಮಿಯ ತನಕ ಕಿಟಕಿ ತೆರೆದೇ ಹೋಗುತ್ತೇನೆ, ಮೇ ತಿಂಗಳಾದರೂ.

ಒಂದು ವಿನಂತಿ ಇದೆ. ನಮ್ಮ ಕಡೆ ಎಷ್ಟೋ ಹಿತ್ತಲುಗಳಲ್ಲಿ ಜಾಲಿಗಿಡದ ಕೆಳಗೆ ಅಂಬಾಸಿಡರುಗಳು ನಿಂತಿವೆ. ಗುಜರಿಯವನು ತೂಕದ ಲೆಕ್ಕದಲ್ಲಿ ಒಯ್ಯುವ ಮೊದಲು ಆ ಎರಡು ನಟ್ಟು ಬಿಚ್ಚಿ, ರಾಕರ್ ಶಾಫ್ಟನ್ನೂ ಪುಶ್ ರಾಡುಗಳನ್ನೂ ತೆಗೆದಿಟ್ಟುಕೊಳ್ಳಿ. ಟ್ಯಾಪೆಟ್ಟುಗಳನ್ನೂ ಬಿಡಬೇಡಿ, ಬ್ಲಾಕಿನ ಪಕ್ಕದ ಮುಚ್ಚಳ ತೆಗೆದರೆ ಅವು ಕೈಗೆ ಬರುತ್ತವೆ. ಒಂದರಿಂದ ಎಂಟರವರೆಗೆ ನಂಬರಿನ ಚೀಟಿ ಕಟ್ಟಿ, ಎಣ್ಣೆ ಸವರಿ, ಅದೇ ಕಾರಿನ ಕ್ಯಾಮ್ ಶಾಫ್ಟಿನ ಜೊತೆಗೇ ಇಡಿ. ನಿಮಗೆ ಬೇಡವಾದರೂ ಯಾರೋ ಒಬ್ಬರು ಅವನ್ನು ಹುಡುಕುತ್ತಿರುತ್ತಾರೆ.