ತಮ್ಮನ ಸೈಕಲ್ಲು, ವಿಜಯಪುರದ ರಸ್ತೆ

ಬೆಂಗಳೂರಿನಲ್ಲಿ ಸಂಜೆ ಹತ್ತಿದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಬೆಳಿಗ್ಗೆ ನಮ್ಮನ್ನು ವಿಜಯಪುರದಲ್ಲಿ ಇಳಿಸಿದಾಗ ಮೊಮ್ಮಗಳ ಕೊರಳಲ್ಲಿ ಎರಡು ಹೊಸ ಸೈಕಲ್ ಟಯರುಗಳು ಹಾರದಂತೆ ನೇತಾಡುತ್ತಿದ್ದವು. ಎದುರಿಗೆ ಅಷ್ಟು ದೊಡ್ಡ ಗುಮ್ಮಟ. ಅವಳು ಅದರ ಕಡೆ ನೋಡಲೇ ಇಲ್ಲ. “ತಿಕೋಟಾ ಬಸ್ಸು ಎಲ್ಲಿ ಸಿಗುತ್ತೆ ಅಜ್ಜಾ?” ಎಂದಳು.

ತಿಕೋಟಾದ ನಮ್ಮ ಹಳೆಯ ಮನೆಯಲ್ಲಿ ನನ್ನ ತಮ್ಮನ ರೇಸ್ ಸೈಕಲ್ಲಿತ್ತು. ಏಳನೇ ತರಗತಿ ಮುಗಿಸಿದ ಈ ಹುಡುಗಿಗೆ ಸೈಕಲ್ ಬೇಕು. ಅವಳ ಹುಂಡಿಯಲ್ಲಿದ್ದದ್ದು 2,500 ರೂಪಾಯಿ. ಅಷ್ಟರಲ್ಲಿ ಅಂಗಡಿಯಿಂದ ಹೊಸ ಗೇರ್ ಸೈಕಲ್ ಬರುವುದಿಲ್ಲ. “ನಿನ್ನ ಚಿಕ್ಕಜ್ಜಂದು ಒಂದಿದೆ, ರಿಪೇರಿ ಮಾಡಿಸೋಣ” ಎಂದು ನಾನೇ ಬಾಯಿಬಿಟ್ಟಿದ್ದೆ.

ನಮ್ಮ ಭಾಗದ ಜಾತ್ರೆಗಳಲ್ಲಿ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವುದರ ಜೊತೆಗೆ ಸೈಕಲ್ ಓಟವೂ ಇರುತ್ತದೆ. ಕರ್ನಾಟಕದ ಹೆಸರಾಂತ ಸೈಕಲ್ ಓಟಗಾರರಲ್ಲಿ ಬಹಳ ಮಂದಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳವರು. ಏಕೆಂದು ತಿಳಿಯಲು ಒಮ್ಮೆ ಇಲ್ಲಿನ ರಸ್ತೆ ನೋಡಬೇಕು. ಏರಿಲ್ಲ, ಇಳಿಜಾರಿಲ್ಲ, ಬಿಸಿಲು ಮತ್ತು ಎದುರುಗಾಳಿ. ಬೆಳ್ಳಂಬೆಳಿಗ್ಗೆ ಹೆದ್ದಾರಿಯಲ್ಲಿ ಹುಡುಗ ಹುಡುಗಿಯರು ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡಂತೆ ಸಾಲಾಗಿ ಹೋಗುತ್ತಾರೆ. ಮುಂದಿನವನು ಗಾಳಿಯನ್ನು ಸೀಳಿದರೆ ಹಿಂದಿನವನಿಗೆ ತುಳಿತ ಹಗುರ. ಸ್ವಲ್ಪ ಹೊತ್ತಿಗೆ ಮುಂದಿನವನು ಪಕ್ಕಕ್ಕೆ ಸರಿದು ಹಿಂದೆ ಬರುತ್ತಾನೆ. ನನ್ನ ತಮ್ಮ ಕಲಿತದ್ದೂ ಹೀಗೆಯೇ. ನೌಕರಿ ಸಿಕ್ಕಿ ಸೊಲ್ಲಾಪುರಕ್ಕೆ ಹೊರಟಾಗ, “ಆಗಾಗ ಎಣ್ಣಿ ಬಿಡು ಅಣ್ಣಾ” ಎಂದು ಸೈಕಲ್ಲನ್ನು ನನ್ನ ಕೈಗೆ ಕೊಟ್ಟು ಹೋದ. ನಾನು ಎಣ್ಣೆ ಬಿಡಲಿಲ್ಲ. ಜಾಗ ಸಾಲದೆ ದನದ ಕೊಟ್ಟಿಗೆಗೆ ತಳ್ಳಿದವನೂ ನಾನೇ. ಇದಾಗಿ ಮೂವತ್ತು ವರ್ಷದ ಮೇಲಾಯಿತು.

ಕೊಟ್ಟಿಗೆಯಿಂದ ಹೊರಗೆ ತಂದಾಗ ಅದು ಸೈಕಲ್ಲಿನಂತೆ ಕಾಣುತ್ತಿರಲಿಲ್ಲ. ಚೈನು ಕೋಲಿನಂತೆ ಸೆಟೆದಿತ್ತು. ಟಯರು ಮುಟ್ಟಿದರೆ ಪುಡಿ. ನೀಲಿ ಬಣ್ಣದ ಮೇಲೆಲ್ಲ ಕೋಳಿಯ ಗುರುತು. ಮೊಮ್ಮಗಳ ಮುಖ ಸಣ್ಣದಾಯಿತು. ಆದರೂ ಟಂಟಂ ಗಾಡಿಗೆ ಹೇರಿ ವಿಜಯಪುರಕ್ಕೆ ತಂದೆವು.

ಗಾಂಧಿ ಚೌಕಿನ ಹಿಂದಿನ ಓಣಿಯೊಂದರಲ್ಲಿ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಓಣಿಗೆಲ್ಲ ಅವರು ಚಾಚಾ. ನಾವು ಕೇಳುವ ಮೊದಲೇ ಸೈಕಲ್ಲನ್ನು ತಲೆಕೆಳಗು ಮಾಡಿ ಹ್ಯಾಂಡಲ್ಲಿನ ಹಿಂದೆ, ಕೆಳಗಿನ ಪೈಪಿನ ಹೊಟ್ಟೆಯನ್ನು ಬೆರಳಿನಿಂದ ಸವರಿದರು. “ಎಲ್ಲೆರ ಹೋಗಿ ಗುದ್ದಿದ ಗಾಡಿ ಇದ್ರ ಇಲ್ಲೆ ಬಣ್ಣ ಸುಕ್ಕಾಗಿರ್ತದ. ಸೀಳಿತ್ತಂದ್ರ ಗುಜರಿಗೆ ಹಾಕ್ರಿ, ನಾ ಮುಟ್ಟಂಗಿಲ್ಲ.” ಸುಕ್ಕಿರಲಿಲ್ಲ. ಆಮೇಲೆ ಒಂದು ದಾರ ಕೇಳಿದರು. ಹಿಂದಿನ ಚಕ್ರ ಕೂರುವ ಕಡೆಯಿಂದ ದಾರವನ್ನು ಎಳೆದು, ಮುಂದಿನ ಪೈಪಿಗೆ ಸುತ್ತು ಹಾಕಿ, ಮತ್ತೆ ಇನ್ನೊಂದು ಬದಿಗೆ ಬಿಗಿದು ಕಟ್ಟಿದರು. ಸೀಟಿನ ಕೆಳಗಿನ ಪೈಪಿಗೂ ದಾರಕ್ಕೂ ಎರಡು ಕಡೆ ಎಷ್ಟು ಅಂತರವಿದೆ ಎಂದು ಮೊಮ್ಮಗಳೇ ಶಾಲೆಯ ಸ್ಕೇಲಿನಿಂದ ಅಳೆದಳು. ಎರಡೂ ಕಡೆ ಒಂದೇ ಇದ್ದರೆ ಫ್ರೇಮು ನೇರ. ನಮ್ಮದು ಎರಡು ಮಿಲಿಮೀಟರ್ ಹೆಚ್ಚುಕಡಿಮೆ. “ಉಕ್ಕು ಬಾಗ್ತದ, ಬಾಗಿಸಿದ್ರ ತಿರುಗಿ ಬರ್ತದ. ಚಿಂತಿಲ್ಲ” ಎಂದರು ಚಾಚಾ.

ಮಕ್ಕಳೇ, ನನ್ನ ದಡ್ಡತನವನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ನಾನು ತಂದಿದ್ದ ಟಯರಿನ ಮೇಲೆ 28 ಎಂದಿತ್ತು. ಸೈಕಲ್ಲಿನ ರಿಮ್ಮು 27 ಇಂಚಿನದು. ಒಂದು ಇಂಚು ದೊಡ್ಡದಾದರೆ ಹೇಗೋ ಕೂರುತ್ತದೆ ಎಂದುಕೊಂಡಿದ್ದೆ. ಹಾಕಲು ಹೋದರೆ ಚಿಕ್ಕದು! ಚಾಚಾ ಟಯರಿನ ಪಕ್ಕೆಯ ಸಣ್ಣ ಅಂಕಿಯನ್ನು ತೋರಿಸಿದರು: 622. ನಮ್ಮ ರಿಮ್ಮಿಗೆ ಬೇಕಾದದ್ದು 630. ಟಯರು ರಿಮ್ಮಿನ ಮೇಲೆ ಕೂರುವ ಜಾಗದ ಅಡ್ಡಳತೆ ಅದು, ಮಿಲಿಮೀಟರಿನಲ್ಲಿ. ಇಂಚಿನ ಹೆಸರು ಏನೇ ಇರಲಿ, ಈ ಅಂಕಿ ಸುಳ್ಳು ಹೇಳುವುದಿಲ್ಲ. ಆ ಟಯರುಗಳ ದುಡ್ಡು ನನ್ನ ಪೆನ್ಶನ್ನಿನ ಲೆಕ್ಕಕ್ಕೆ ಹೋಯಿತು.

ನಿಜವಾದ ತೊಡಕು ಸೀಟಿನದು. ತಮ್ಮ ಉದ್ದ ಕಾಲಿನವನು. ಸೀಟು ಅವನ ಎತ್ತರಕ್ಕೇ ತುಕ್ಕು ಹಿಡಿದು ಕೂತಿತ್ತು. ಇಳಿಯದಿದ್ದರೆ ಮೊಮ್ಮಗಳ ಕಾಲು ಪೆಡಲಿಗೆ ಎಟಕುವುದಿಲ್ಲ. ಬಲವಾಗಿ ಬಡಿದರೆ ಪೈಪು ಹರಿಯಬಹುದು. ಚಾಚಾ ಸೀಮೆಎಣ್ಣೆಗೆ ಎಂಜಿನ್ ಆಯಿಲ್ ಬೆರೆಸಿ ಸಂದಿಗೆ ಬಿಟ್ಟು, “ನಾಳಿಗಿ ಬರ್ರಿ” ಎಂದರು. ನಾಳೆಯೂ ಹಾಗೇ ಎಂದರು. ಮರುದಿನವೂ ಹಾಗೇ.

ಈ ಮೂರು ದಿನ ಮೊಮ್ಮಗಳು ಕೈಕಟ್ಟಿ ಕೂರಲಿಲ್ಲ. ರೈಲಿಗೆ ಅವಳಮ್ಮ ಚಪಾತಿ ಸುತ್ತಿಕೊಟ್ಟಿದ್ದ ಬೆಳ್ಳಿ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ರಿಮ್ಮನ್ನು ಉಜ್ಜುವುದನ್ನು ಕಲಿತಳು. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಹೊಳಪಿನ ಲೇಪಕ್ಕೆ ಗೀರು ಬೀಳುವುದಿಲ್ಲ, ತುಕ್ಕು ಮಾತ್ರ ಕಪ್ಪು ನೀರಾಗಿ ಇಳಿಯುತ್ತದೆ. ಖರ್ಚು ಸೊನ್ನೆ. ಎಡಗಡೆಯ ಪೆಡಲನ್ನು ಬಿಚ್ಚಲು ಉಲ್ಟಾ ತಿರುಗಿಸಬೇಕು ಎಂಬುದನ್ನೂ ಕಲಿತಳು; ಎಲ್ಲದರಂತೆ ಅದಕ್ಕೂ ಬಲ ತಿರುಪೇ ಇದ್ದಿದ್ದರೆ ತುಳಿಯುತ್ತ ತುಳಿಯುತ್ತ ತಾನೇ ಬಿಚ್ಚಿಕೊಳ್ಳುತ್ತಿತ್ತು. ತುಳಿಯುವ ಅಚ್ಚಿನ ಒಳಗೆ ಒಂದೊಂದು ಬದಿಗೆ 11 ಗುಂಡು. ಗ್ರೀಸಿನಲ್ಲಿ ಅವುಗಳನ್ನು ಎಣಿಸಿ ಕೂರಿಸಿದವಳು ಅವಳೇ. ಒಂದು ಗುಂಡು ಉರುಳಿ ಚರಂಡಿಗೆ ಹೋಯಿತು. ಚಾಚಾ ಬೈಯಲಿಲ್ಲ, “ಇನ್ನೊಂದು ತಗೋ ಬೇಟಿ” ಎಂದರು. ಹಳೆಯ ಗೇರಿನ ಬಿಡಿಭಾಗ ಸಿಗಲಿಲ್ಲ. ಒಂದೇ ಹಲ್ಲಿನ ಚಕ್ರ ಹಾಕಿದೆವು. ಬೆಂಗಳೂರಿನ ಏರಿಗೆ ಹೇಗೋ ಗೊತ್ತಿಲ್ಲ, ಈ ಊರಿಗೆ ಅಷ್ಟು ಸಾಕು.

ಮಧ್ಯಾಹ್ನ ಅಂಗಡಿ ಮುಚ್ಚಿದಾಗ ಅವಳನ್ನು ಕೋಟೆಗೋಡೆಯ ಪಶ್ಚಿಮದ ಬುರುಜಿಗೆ ಕರೆದೊಯ್ದೆ. ಮಲಿಕ್-ಎ-ಮೈದಾನ್ ತೋಪು ಅಲ್ಲಿದೆ. 1549ರಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ಭಾರ. ಬಾಯಿಯ ಕಡೆ ಸಿಂಹದ ಮುಖ, ಅದರ ದವಡೆಯಲ್ಲಿ ಆನೆ. ಅವಳು ಸುತ್ತ ಒಮ್ಮೆ ನೋಡಿ, “ಇದಕ್ಯಾಕೆ ತುಕ್ಕು ಹಿಡಿದಿಲ್ಲ ಅಜ್ಜಾ?” ಎಂದಳು. ನಾಲ್ಕು ನೂರು ವರ್ಷಕ್ಕೂ ಹೆಚ್ಚು ಕಾಲ ಮಳೆಯಲ್ಲಿ ನಿಂತದ್ದು. ಇದು ತಾಮ್ರ ಮತ್ತು ತವರ ಬೆರೆತ ಗಂಟೆಯ ಲೋಹ, ತುಕ್ಕು ಹಿಡಿಯುವುದು ಕಬ್ಬಿಣಕ್ಕೆ ಎಂದೆ. “ಹಾಗಾದರೆ ಕಬ್ಬಿಣಕ್ಕೆ ಯಾರಾದರೂ ಎಣ್ಣೆ ಬಿಡುತ್ತಲೇ ಇರಬೇಕು” ಎಂದಳು. ಪಾಪ, ನನಗೆಂದು ಹೇಳಿದ ಮಾತಲ್ಲ.

ನಾಲ್ಕನೆಯ ದಿನ ಚಾಚಾ ಸೀಟು ಬಿಚ್ಚಿ, ಅದರ ಸರಳನ್ನು ಶಿಕಂಜಿಗೆ ಕಚ್ಚಿಸಿದರು. ಸರಳನ್ನು ತಿರುಗಿಸುವ ಬದಲು ಇಡೀ ಸೈಕಲ್ಲನ್ನೇ ತಿರುಗಿಸುವುದು! ನಾನು ಹಿಂದೆ, ಅವರು ಮುಂದೆ ಹಿಡಿದು ಮೆಲ್ಲಗೆ ಒತ್ತಿದೆವು. ಏನೂ ಆಗಲಿಲ್ಲ. ಮತ್ತೊಮ್ಮೆ. ಟಕ್ ಎಂದು ಸದ್ದಾಯಿತು. ನನ್ನ ಎದೆ ಧಸಕ್ಕೆಂದಿತು, ಪೈಪೇ ಹರಿಯಿತೆಂದು. ಚಾಚಾ ಕಣ್ಣು ಮುಚ್ಚಿ ಕೈಯಿಂದ ತಡವಿ, “ಬಂತು” ಎಂದರು. ಕೆಂಪು ಪುಡಿ ಉದುರಿಸುತ್ತ ಸರಳು ಹೊರಗೆ ಬಂತು. ತಮ್ಮನ ಎತ್ತರವಿದ್ದಲ್ಲಿ ಒಂದು ಉಂಗುರದಷ್ಟು ಗುರುತು ಉಳಿದಿತ್ತು. ಮೊಮ್ಮಗಳು ಅದನ್ನು ಉಜ್ಜಲಿಲ್ಲ.

ಲೆಕ್ಕ ಹೀಗಾಯಿತು: ಸರಿಯಾದ ಟಯರುಗಳಿಗೆ 800, ಟ್ಯೂಬಿಗೆ 240, ಚೈನಿಗೆ 220, ಹಲ್ಲಿನ ಚಕ್ರಕ್ಕೆ 160, ಬ್ರೇಕಿನ ರಬ್ಬರು ಮತ್ತು ತಂತಿಗೆ 150, ಗುಂಡು, ಪಿನ್ನು, ಗ್ರೀಸಿಗೆ 130. ಚಾಚಾರ ಕೂಲಿ 600, ಅದೂ ನಾವು ಒತ್ತಾಯ ಮಾಡಿದ ಮೇಲೆ. ಒಟ್ಟು 2,300. ಬಣ್ಣ ಹೊಡೆಸಲಿಲ್ಲ. ಮೊದಲು ಗುಲಾಬಿ ಬಣ್ಣ ಬೇಕೆಂದಿದ್ದವಳು ಈಗ ತಾನೇ ಬೇಡವೆಂದಳು. ಉಳಿದ ದುಡ್ಡಿನಲ್ಲಿ ಒಂದು ಎಣ್ಣೆ ಡಬ್ಬಿ, ಎಲ್ಲರಿಗೂ ಗಿರ್ಮಿಟ್ಟು, ಮಿರ್ಚಿ ಭಜಿ. “ಮಳ್ಯಾಗ ಹುಷಾರ್ ಬೇಟಿ, ಸ್ಟೀಲ್ ರಿಮ್ಮಿಗಿ ತೊಯ್ದಾಗ ಬ್ರೇಕ್ ಹತ್ತಂಗಿಲ್ಲ” ಎಂದು ಚಾಚಾ ಎರಡು ಸಲ ಹೇಳಿದರು.

ಫೋನು ಮಾಡಿದ್ದಕ್ಕೆ ತಮ್ಮ ಸೊಲ್ಲಾಪುರದಿಂದ ಬಂದ. ಈಗ ಅವನಿಗೆ ಮೊಣಕಾಲು ನೋವು. ಸ್ಟೇಷನ್ನಿನಿಂದ ಗೋಲ್ ಗುಂಬಜಿನ ಗೇಟಿನವರೆಗೆ ನಡೆದು ಬರುವಷ್ಟರಲ್ಲಿ ಮೂರು ಕಡೆ ನಿಂತ. ಅಲ್ಲಿ ಮೊಮ್ಮಗಳು ಸೈಕಲ್ ಹಿಡಿದುಕೊಂಡು ಕಾಯುತ್ತಿದ್ದಳು.

ಅವನು ಮೊದಲು ಸೀಟು ನೋಡಿದ. “ಇಷ್ಟು ಕೆಳಗ ಹ್ಯಾಂಗ ಇಳೀತು? ಎಣ್ಣಿ ಬಿಟ್ಟಿದ್ದೇನು ಅಣ್ಣಾ?”

“ಇಲ್ಲೋ. ಬಿಟ್ಟಿರಲಿಲ್ಲ” ಎಂದೆ.

ಅವನು ಏನೂ ಅನ್ನಲಿಲ್ಲ. ಹಿಂದಿನ ಚಕ್ರವನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದು ಕೈಯಿಂದ ಪೆಡಲನ್ನು ಜೋರಾಗಿ ತಿರುಗಿಸಿ ಬಿಟ್ಟ. ಚಕ್ರ ಟಿಕ್ ಟಿಕ್ ಎನ್ನುತ್ತ ತಿರುಗಿತು. ಅದು ನಿಲ್ಲುವವರೆಗೂ ಕಿವಿಗೊಟ್ಟು ಕೇಳಿದ. ಆಮೇಲೆ ಮೊಮ್ಮಗಳಿಗೆ, “ಹತ್ತವ್ವಾ. ಗಾಳಿ ಎದುರಿಗಿ ಬಂದ್ರ ತಲಿ ತೆಗ್ಗಿಸು” ಎಂದ.