ಕೆಂಪಂಚಿನ ಕಂಬಳಿ

ಚಿತ್ರದುರ್ಗ ಸೀಮೆಯ ಕಂಬಳಿಯ ಬಗ್ಗೆ ಹಳಬರು ಹೇಳುವ ಜಂಬದ ಮಾತೊಂದಿದೆ. ಒಂದು ಕಾಲಕ್ಕೆ ಇಲ್ಲಿ ನೇಯುತ್ತಿದ್ದ ನಯವಾದ ಕಂಬಳಿಯನ್ನು ಸುತ್ತಿ ಬಿದಿರಿನ ಟೊಳ್ಳಿನೊಳಗೆ ಇಡಬಹುದಿತ್ತಂತೆ. ಮೇಲೆ ನೀರು ಹುಯ್ದರೆ ಒಂದು ಹನಿಯೂ ಕೆಳಗಿಳಿಯುತ್ತಿರಲಿಲ್ಲವಂತೆ. ನಮ್ಮ ಮನೆಯದು ಆ ಜಾತಿಯದಲ್ಲ. ಅದನ್ನು ಸುತ್ತಿ ತುರುಕಬೇಕೆಂದರೆ ತೆಂಗಿನ ಮರವನ್ನೇ ಟೊಳ್ಳು ಮಾಡಬೇಕು. ಅಜ್ಜ ಚಳ್ಳಕೆರೆ ಕಡೆಯಿಂದ ಹೊತ್ತು ತಂದಿದ್ದ ಒರಟು ಕರಿ ಕಂಬಳಿ ಅದು, ಎರಡು ತುದಿಗೂ ಗೇಣಗಲದ ಕೆಂಪು ಅಂಚು. ಮಳೆಗಾಲದಲ್ಲಿ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದ, ಸುಗ್ಗಿಯಲ್ಲಿ ಕಣದೊಳಗೆ ಹಾಸಿ ಮಲಗುತ್ತಿದ್ದ, ನ್ಯಾಯ ಪಂಚಾಯಿತಿಗೆ ಮಡಿಸಿ ಹೆಗಲಿಗೇರಿಸುತ್ತಿದ್ದ. ಅವನು ಹೋದ ಮೇಲೆ ಅದು ಅಟ್ಟ ಸೇರಿತು. ಅಟ್ಟದಿಂದ ಇಳಿದು ಈಗ ನಮ್ಮ ಪಡಸಾಲೆಯಲ್ಲಿ, ಪಡುವಣ ಕಿಟಕಿಯ ಕೆಳಗೆ, ನೆಲಹಾಸಾಗಿ ಬಿದ್ದುಕೊಂಡಿದೆ.

ಇಂಥ ಕಂಬಳಿಗೆ ಚರಿತ್ರೆ ಇಲ್ಲ ಅನ್ನುವಂತಿಲ್ಲ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಹಿರಿಯೂರು, ಚಿತ್ರದುರ್ಗಗಳನ್ನೂ ಹಾದುಹೋದ. ಬೆಳೆ, ದನ, ಜಾತಿ, ಕಸುಬು, ಕಂಡದ್ದನ್ನೆಲ್ಲ ಗೀಚಿಕೊಳ್ಳುವ ಚಟ ಅವನಿಗೆ. ಕುರುಬರು ಕುರಿಯ ಉಣ್ಣೆ ಕತ್ತರಿಸಿ ಕಂಬಳಿ ನೇಯುವುದೂ 1807ರಲ್ಲಿ ಅಚ್ಚಾದ ಅವನ ಪುಸ್ತಕದೊಳಗೆ ಸೇರಿತು. ಅವನು ಕಂಡ ಕೆಲಸ ಮೊನ್ನೆಮೊನ್ನೆಯವರೆಗೂ ಹೆಚ್ಚೇನೂ ಬದಲಾಗಿರಲಿಲ್ಲ. ಉಣ್ಣೆ ಹಿಂಜಬೇಕು, ಹೆಂಗಸರು ರಾಟೆಯಲ್ಲಿ ನೂಲಬೇಕು, ಹಾಸಿನ ನೂಲನ್ನು ಬೀದಿಯುದ್ದಕ್ಕೂ ಬಿಗಿದು ಹುಣಸೆಬೀಜದ ಗಂಜಿ ಬಳಿಯಬೇಕು, ಆಮೇಲೆ ಗುಂಡಿಮಗ್ಗಕ್ಕೆ ಇಳಿಯಬೇಕು. ಹೊಸ ಕಂಬಳಿ ಹಪ್ಪಳದ ಹಾಗೆ ಸೆಟೆದು ನಿಲ್ಲುವುದು ಆ ಗಂಜಿಯಿಂದಲೇ. ಇಷ್ಟರಲ್ಲೆಲ್ಲೂ ಬಣ್ಣದ ಮಾತಿಲ್ಲ. ಕಪ್ಪು ಕುರಿಯದೇ ಕಪ್ಪು. ಬಣ್ಣ ಬರುವುದು ಅಂಚಿಗೆ ಮಾತ್ರ. ಅದೊಂದೇ ಕಂಬಳಿಯ ಶೋಕಿ.

ಆ ಶೋಕಿ ಕಳೆದು ಎಷ್ಟೋ ವರ್ಷವಾಗಿತ್ತು. ಹೊಸದುರ್ಗದ ಬಿಸಿಲಿಗೂ ಬಣ್ಣಕ್ಕೂ ಆಗಿಬರುವುದಿಲ್ಲ. ಯುಗಾದಿಗೆ ಬರೆಸಿದ ಅಂಗಡಿ ಬೋರ್ಡು ದಸರೆಗೆ ಬಿಳಿಚಿಕೊಂಡಿರುತ್ತದೆ. ಚುನಾವಣೆಗೆ ಕಟ್ಟಿದ ಎದುರಾಳಿ ಪಕ್ಷಗಳ ಬಾವುಟಗಳು ಮಳೆ ಬೀಳುವ ಹೊತ್ತಿಗೆ ಒಂದೇ ಬಣ್ಣಕ್ಕೆ ಬಂದಿರುತ್ತವೆ. ಅದಕ್ಕೆ ಬಿಸಿಲೊಂದನ್ನೇ ದೂರುವುದು ಸರಿಯಲ್ಲ ಅನ್ನಿ. ಕಂಬಳಿಯ ಕರಿಯೂ ಕಂದಿಗೆ ತಿರುಗಿತ್ತು. ಕುರಿಯ ಬೆನ್ನ ಮೇಲೇ ಉಣ್ಣೆಯ ತುದಿ ಬಿಸಿಲಿಗೆ ಕೆಂಚಗಾಗುವಾಗ, ಮಗ್ಗದಿಂದಿಳಿದ ಮೇಲೆ ಕೇಳಬೇಕೆ. ಅಂಚು ಮಾತ್ರ ಇಟ್ಟಿಗೆಪುಡಿಯ ಬಣ್ಣಕ್ಕೆ ಬಂದು ಒಂದು ಬಗೆಯ ಗಾಂಭೀರ್ಯ ಪಡೆದಿತ್ತು.

ಮಾಸದ ಬಣ್ಣ ಮಾಡುವವರೂ ನಮ್ಮ ತಾಲ್ಲೂಕಿನಲ್ಲೇ ಇದ್ದರು ಅನ್ನುವುದು ತಮಾಷೆ. ಮತ್ತೋಡಿನಲ್ಲಿ ಒಂದು ಕಾಲಕ್ಕೆ ಗಾಜಿನ ಬಳೆ ಮಾಡುತ್ತಿದ್ದರು. ಆ ಕುಲುಮೆಗಳ ವಿವರವೂ ಬುಕಾನನ್‌ನ ಪುಸ್ತಕದಲ್ಲಿದೆ. ಚೌಳು ಮಣ್ಣಿನಿಂದ ಗಾಜು ಕರಗಿಸಿ, ಅದರೊಳಗೇ ಲೋಹದ ಭಸ್ಮ ಬೆರೆಸಿ ಬಣ್ಣ ಕಟ್ಟುವುದು. ಆ ಹಸಿರು ಬಳೆ ಇನ್ನೂರು ವರ್ಷ ಬಿಸಿಲಲ್ಲಿ ಬಿದ್ದಿದ್ದರೂ ಹಸಿರೇ. ಉಣ್ಣೆಯ ಬಣ್ಣದ ಹಣೆಬರಹ ಹಾಗಲ್ಲ; ಬೆಳಕು ಅದನ್ನು ದಿನಾ ಒಂದಿಷ್ಟು ಒಡೆಯುತ್ತಲೇ ಇರುತ್ತದೆ.

ಬೆಂಗಳೂರಿನಲ್ಲಿರುವ ಮಗಳು ಕಂಬಳಿಯನ್ನು ತನ್ನ ಮನೆಗೆ ಒಯ್ಯುತ್ತೇನೆಂದಳು. ‘ಅಂಚಿಗೆ ಮಾತ್ರ ಮೊದಲಿನ ಬಣ್ಣ ತರಿಸಿಕೊಡಿ ಅಪ್ಪಾ. ಆದರೆ ಕೆಮಿಕಲ್ಲು ಬೇಡ, ತಾತನ ಕಾಲದ ಹಾಗೆ ನ್ಯಾಚುರಲ್ಲಾಗಿರಲಿ’ ಎಂದು ಷರತ್ತು ಹಾಕಿದಳು. ಅದೇನು ಕಷ್ಟವಿರಲಿಲ್ಲ. ಹಸಿ ಅಡಿಕೆ ಬೇಯಿಸುವ ಮನೆಗಳಲ್ಲಿ ಚೊಗರು ಸಿಗುತ್ತದೆ, ಹೊಳಲ್ಕೆರೆ-ಹೊಸದುರ್ಗದ ತೋಟದವರಿಗೆ ಅದೇನು ಅಪರೂಪದ ವಸ್ತುವಲ್ಲ. ಹೆಗ್ಗೋಡಿನ ‘ಚರಕ’ದವರು ಅದೇ ಚೊಗರಿನಲ್ಲಿ ಹತ್ತಿ ಬಟ್ಟೆಗೆ ಬಣ್ಣ ಹಾಕಿ ಹೆಸರು ಮಾಡಿದ್ದಾರೆ. ಒಂದು ಹಿಡಿ ಉಣ್ಣೆಯನ್ನು ಪಟಿಕದ ನೀರಿನಲ್ಲಿ ನೆನೆಸಿ, ಚೊಗರಿನಲ್ಲಿ ಕಾಯಿಸಿ ತೆಗೆದೆ. ಒಳ್ಳೆಯ ಮರ್ಯಾದಸ್ಥ ಕೆಂಗಂದು. ಅಂಚಿನ ಪಕ್ಕದಲ್ಲಿಟ್ಟರೆ ಥೇಟ್ ಅದೇ ಬಣ್ಣ. ಅಂದರೆ ಮಾಸಿದ ಬಣ್ಣ! ಅದು ಆಗಲೇ ನಮ್ಮ ಹತ್ತಿರ ಇತ್ತಲ್ಲ.

ಹಾಗಾದರೆ ಮೊದಲಿನ ಬಣ್ಣ ಯಾವುದಿತ್ತು? ಕೇಳೋಣವೆಂದರೆ ಅಜ್ಜನ ಕಾಲದವರು ಯಾರೂ ಉಳಿದಿಲ್ಲ. ಉತ್ತರ ಸಿಕ್ಕಿದ್ದು ಅಜ್ಜಿಯ ಹೊಲಿಗೆಯಲ್ಲಿ. ಕಂಬಳಿಯ ಒಂದು ತುದಿ ಎಳೆ ಬಿಟ್ಟುಕೊಂಡಾಗ ಅಜ್ಜಿ ಅದನ್ನು ಎರಡು ಬೆರಳಗಲ ಒಳಕ್ಕೆ ಮಡಿಚಿ, ದಪ್ಪ ಕರಿ ದಾರದಲ್ಲಿ ಹೊಲಿದಿಟ್ಟಿದ್ದಳು. ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದೆ. ಮಡಿಕೆಯೊಳಗಿಂದ ರಾಗಿಯ ಸುಂಕು, ಒಂದು ಉತ್ತರಾಣಿ ಮುಳ್ಳು, ಅದರ ಹಿಂದೆಯೇ ಕಣ್ಣಿಗೆ ಹೊಡೆಯುವ ಕೆಂಪು! ದಾಸವಾಳವಲ್ಲ, ಕುಂಕುಮವಲ್ಲ, ಜಾತ್ರೆಯ ಬೆಂಡು-ಬತ್ತಾಸಿನ ಅಂಗಡಿಯಲ್ಲಿ ಸಕ್ಕರೆ ಮಿಠಾಯಿಗೆ ಹಾಕುತ್ತಾರಲ್ಲ, ಗುಲಾಬಿಯ ಕಡೆಗೆ ವಾಲುವ ಆ ಕೆಂಪು. ಬಿಸಿಲು ತಾಗದೆ ಇಷ್ಟು ವರ್ಷ ಕತ್ತಲಲ್ಲಿ ಕೂತಿತ್ತು.

ಅಜ್ಜನ ಕಾಲದ ನ್ಯಾಚುರಲ್ಲು ಅಂದರೆ ಇದು: ಸಂತೆಯ ಪೊಟ್ಟಣದ ಬಣ್ಣ. ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ 1856ರಲ್ಲಿ ಮಲೇರಿಯಾಕ್ಕೆ ಕ್ವಿನೈನ್ ಮಾಡಲು ಹೋಗಿ ಡಾಂಬರಿನ ಮಡ್ಡಿಯಿಂದ ನೇರಳೆ ಬಣ್ಣ ತೆಗೆದ. 1868ರಲ್ಲಿ ಜರ್ಮನಿಯವರು ಮಂಜಿಷ್ಠದ ಬೇರಿನ ಕೆಂಪನ್ನೇ ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದರು. ಆಮೇಲೆ ಪುಡಿಬಣ್ಣ ಲೋಕವೆಲ್ಲ ಹರಡಿತು. ಇರಾನಿನ ದೊರೆಗಳು ತಮ್ಮ ರತ್ನಗಂಬಳಿಗಳ ಮಾನ ಹೋಗುತ್ತದೆಂದು ಹೆದರಿ 19ನೇ ಶತಮಾನದ ಕೊನೆಗೆ ಆ ಬಣ್ಣಗಳ ಆಮದನ್ನೇ ನಿಷೇಧಿಸಿದ್ದರು. ನಮ್ಮ ನೇಕಾರರಿಗೆ ಅಂಥ ದೊರೆಗಳೂ ಇರಲಿಲ್ಲ, ಅಂಥ ಹೆದರಿಕೆಯೂ ಇರಲಿಲ್ಲ. ಹೊಲ, ಕಲ್ಲು, ಕುರಿ, ಕಂಬಳಿ ಎಲ್ಲವೂ ಮಣ್ಣುಬಣ್ಣದ್ದೇ ಆಗಿರುವ ಊರಿನಲ್ಲಿ, ಚಿಲ್ಲರೆ ಕಾಸಿಗೆ ಇಂಥ ಕೆಂಪು ಸಿಕ್ಕರೆ ಯಾರು ಬಿಡುತ್ತಾರೆ? ಮಣ್ಣುಬಣ್ಣ ಇಷ್ಟಪಡುವುದಕ್ಕೆ ಮಣ್ಣಿನಿಂದ ಸ್ವಲ್ಪ ದೂರ ಹೋಗಿರಬೇಕು.

ಅದೇ ಕೆಂಪನ್ನು ಮತ್ತೆ ಹಾಕುವ ಬಗೆ ಕೇಳಲೆಂದು, ಗುರುತಿನವರ ಮೂಲಕ ಚಳ್ಳಕೆರೆ ಕಡೆಯ ಹಳ್ಳಿಯೊಂದರ ಮುದುಕ ನೇಕಾರರೊಬ್ಬರನ್ನು ಹುಡುಕಿಕೊಂಡು ಹೋದೆ. ಕಂಬಳಿಯನ್ನು ಮೂಸಿ, ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ, ‘ನಮ್ ಕಡೇದೇ ಕಣ್ರೀ’ ಅಂದರು. ಅವರ ಮಗ್ಗದ ಗುಂಡಿಯಲ್ಲಿ ಸೌದೆ ತುಂಬಿತ್ತು. ಉಣ್ಣೆಗೆ ಬೆಲೆ ಇಲ್ಲ, ಸಾಕುವವರೆಲ್ಲ ಮಾಂಸದ ಕುರಿ ಕಟ್ಟುತ್ತಾರೆ, ಕರಿ ಕುರಿಯೇ ಕಮ್ಮಿಯಾಗಿದೆ. ‘ಈಗಿನೋರು ಅಂಚಿಗೆ ಕ್ಯಾಸ್ಮಿಲಾನ್ ದಾರ ಹಾಕ್ತಾರೆ. ಅದು ಮಾಸಲ್ಲ. ಕಂಬಳಿ ಹರಿದು ಹೋದ್ರೂ ಅಂಚು ನಗ್ತಿರ್ತದೆ’ ಎಂದರು. ಬಣ್ಣ ಹಾಕುವ ದಾರಿಯನ್ನೂ ಅವರೇ ಹೇಳಿದ್ದು: ‘ಹುಣಸೆ ಹುಳಿ ಬಿಡ್ರಿ, ಬಣ್ಣ ಕಚ್ಚುತ್ತೆ. ಕೊತಕೊತ ಕುದಿಸಬ್ಯಾಡ್ರಿ ಮೇಷ್ಟ್ರೇ, ಕೋಲು ಹಾಕಿ ತಿರುವಲೂಬ್ಯಾಡ್ರಿ. ಉಣ್ಣೆ ಮುದ್ದೆಗಟ್ಟಿದ್ರೆ ಆ ದೇವ್ರು ಬಂದ್ರೂ ಬಿಡಿಸಕ್ಕಾಗಲ್ಲ.’

ಕರಿ ಭಾಗವನ್ನೆಲ್ಲ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಅಂಚಿನ ಗಡಿಗೆ ಸರಿಯಾಗಿ ಹುರಿಯಿಂದ ಬಿಗಿದೆ. ಅಂಚನ್ನು ಅಂಟುವಾಳದ ನೀರಿನಲ್ಲಿ ತೊಳೆದರೆ ಇಳಿದ ಕೊಳೆಯಲ್ಲಿ ಅಜ್ಜನ ಹೊಲದ ಅರ್ಧ ಗುಂಟೆ ಇತ್ತು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಳೆಯ ದಬರಿಯಲ್ಲಿ ಪುಡಿಬಣ್ಣವನ್ನೂ ಹುಳಿಯನ್ನೂ ಕದಡಿ, ಒದ್ದೆ ಅಂಚನ್ನು ಅದರೊಳಗೆ ಇಳಿಬಿಟ್ಟೆ. ಉರಿ ಸಣ್ಣಗೆ. ಮೊದಲು ಏನೂ ಆಗುವುದಿಲ್ಲ; ನೀರು ರಕ್ತದ ಹಾಗಿರುತ್ತದೆ, ಉಣ್ಣೆ ಪೆಚ್ಚಾಗಿಯೇ ಇರುತ್ತದೆ. ಹಬೆ ಏಳತೊಡಗಿದ ಮೇಲೆ ನೋಡಬೇಕು. ನೀರು ತಿಳಿಯಾಗುತ್ತ ಬರುತ್ತದೆ, ಉಣ್ಣೆ ಕೆಂಪಾಗುತ್ತ ಹೋಗುತ್ತದೆ. ಕೊನೆಗೆ ದಬರಿಯ ತಳ ಕಾಣುವಷ್ಟು ನೀರು ಬಿಳಿದಾಗಿ, ಬಣ್ಣವೆಲ್ಲ ಎಳೆಯೊಳಗೆ ಹೊಕ್ಕಿತ್ತು. ದಬರಿಯಲ್ಲೇ ಆರಲು ಬಿಟ್ಟು, ನೆರಳಿಗೆ ಹರವಿ, ಪಂಚೆಯ ಚುಂಗಿನಿಂದ ಉಜ್ಜಿ ನೋಡಿದೆ. ಪಂಚೆ ಬೆಳ್ಳಗೇ ಇತ್ತು. ಗಡಿ ದಾಟಿ ಒಂದೆರಡು ಎಳೆ ಕಂದಿನ ಕಡೆಗೆ ಕೆಂಪು ಏರಿತ್ತು, ಅಷ್ಟೆ.

ಹೆಂಡತಿ ನೋಡಿ, ‘ಅಯ್ಯೋ, ಮದುವೆ ಮನೆಗೆ ಹೊರಟ ಹಾಗಿದೆ’ ಅಂದಳು. ನಿಜ. ಅಂಚು ಹದಿನಾರರದ್ದು, ನಡು ಎಂಬತ್ತರದ್ದು. ಮ್ಯೂಸಿಯಂನವರು ಮಾಸಿದ್ದಕ್ಕೆ ಕೈ ಹಚ್ಚದೆ ಇದ್ದದ್ದನ್ನು ಇದ್ದ ಹಾಗೆ ಕಾಪಾಡುವುದರಲ್ಲಿ ನನಗೆ ಈಗ ಅರ್ಥ ಕಾಣುತ್ತದೆ. ಆದರೂ ಅಜ್ಜ ಸಂತೆಯಲ್ಲಿ ನಿಂತು, ಹತ್ತು ಕಂಬಳಿ ಕೊಡವಿ ನೋಡಿ, ದುಡ್ಡು ಎಣಿಸಿ ಕೊಟ್ಟಿದ್ದು ಈ ಪುಂಡು ಕೆಂಪಿಗೇ ಹೊರತು ಆ ಗಂಭೀರವಾದ ಇಟ್ಟಿಗೆಪುಡಿಗಲ್ಲ. ನಾನು ಅವನ ಪಕ್ಷ.

ಮಗಳು ಹಬ್ಬಕ್ಕೆ ಬಂದವಳು ಬಾಗಿಲಲ್ಲೇ ನಿಂತಳು. ‘ಇದೇನಪ್ಪಾ ಈ ಕಲರ್ರು?’ ಮಡಿಕೆಯ ಸಾಕ್ಷಿ ತೋರಿಸಿದೆ, ನಂಬಿದಳು, ಮುಖ ಮಾತ್ರ ಅರಳಲಿಲ್ಲ. ಅವಳ ಸೋಫಾ ಬೂದಿ ಬಣ್ಣದ್ದು. ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಟರ್ಕಿಯ ಅಂತಾಲ್ಯ ಸೀಮೆಯಲ್ಲಿ ಕೊಯ್ಲಾದ ಹೊಲಗಳ ತುಂಬ ಸಾವಿರಾರು ಜಮಖಾನ ಹರವಿದ್ದರು. ಗಾಢ ಬಣ್ಣ ಇಳಿದು ಹದಕ್ಕೆ ಬರಲೆಂದು ಬೇಸಿಗೆಯಿಡೀ ಬಿಸಿಲಿಗೆ ಹಾಕುತ್ತಾರಂತೆ, ರಾತ್ರಿ ಕಾವಲು ಕಾಯುತ್ತಾರಂತೆ. ಎಲ್ಲ ಓದಿ ಹೇಳಿ, ಕಂಬಳಿಯನ್ನು ಎಳೆದುಕೊಂಡು ಹೋಗಿ ಕಿಟಕಿಯ ಕೆಳಗೆ ನೀಟಾಗಿ ಹಾಸಿದಳು. ‘ಎರಡು ಬೇಸಿಗೆ ಇಲ್ಲೇ ಇರಲಿ ಅಪ್ಪಾ’ ಅಂದಳು, ‘ಆಮೇಲೆ ಒಯ್ತೀನಿ.’